ಯುದ್ಧ ಗೆದ್ದ ಕಾಂಗ್ರೆಸ್ಸಿಗೆ ಸರ್ಕಾರ ನಡೆಸಲು ಏಕೆ ಆಗಲಿಲ್ಲ? (ಅಮೆರಿಕ, 1781–1789)

#1 ತುಂಗಾತೀರ

ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಳೆದ ವಾರ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಮುಗಿಸಿ ಸಂವಿಧಾನದ ಕಡೆಗೆ ಹೊರಳುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಇಂಗ್ಲೆಂಡಿನಂಥ ಸಾಮ್ರಾಜ್ಯವನ್ನೇ ಸೋಲಿಸಿದವರಿಗೆ ತಮ್ಮದೇ ಹದಿಮೂರು ರಾಜ್ಯಗಳನ್ನು ಸಂಭಾಳಿಸಲು ಆಗಲಿಲ್ಲವೇ?" ಎಂದು ಕೇಳಿದಳು. ನೋಟ್ಸ್‌ನಲ್ಲಿರುವ ನಾಲ್ಕು ಸಾಲು ಹೇಳಿದೆ. ರಾಜ್ಯಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ಕಾರ್ಯಾಂಗವಿರಲಿಲ್ಲ, ರಾಷ್ಟ್ರೀಯ ನ್ಯಾಯಾಲಯವಿರಲಿಲ್ಲ, ತಿದ್ದುಪಡಿಗೆ ಎಲ್ಲ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಅವಳು ಕುಳಿತಳು. ಆದರೆ ಉತ್ತರ ಸಿಕ್ಕವಳ ಮುಖ ಅದಾಗಿರಲಿಲ್ಲ.

ಆ ಮುಖ ನನ್ನನ್ನು ಕಾಡುತ್ತಿದೆ. ನಾಲ್ಕೂ ಸಾಲು ನಿಜ, ಆದರೆ ಅವುಗಳಲ್ಲಿ ಮನುಷ್ಯರೇ ಇಲ್ಲ. ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಎಂಬ ಆ ಒಕ್ಕೂಟದ ಕರಾರನ್ನು ಕಾಂಗ್ರೆಸ್ ಒಪ್ಪಿದ್ದು 1777ರ ನವೆಂಬರ್ 15ರಂದು, ಬ್ರಿಟಿಷ್ ಸೈನ್ಯಕ್ಕೆ ಫಿಲಡೆಲ್ಫಿಯಾ ಬಿಟ್ಟುಕೊಟ್ಟು ಯಾರ್ಕ್ ಎಂಬ ಸಣ್ಣ ಊರಿನಲ್ಲಿ ಆಶ್ರಯ ಪಡೆದಿದ್ದಾಗ. ಪಶ್ಚಿಮದ ಜಮೀನಿನ ತಕರಾರಿಗಾಗಿ ಮೇರಿಲ್ಯಾಂಡ್ ಸಹಿ ಹಾಕದೆ ಕುಳಿತದ್ದರಿಂದ ಅದು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು. ಪ್ರತಿ ರಾಜ್ಯವೂ ತನ್ನ ಸಾರ್ವಭೌಮತ್ವವನ್ನು ತಾನೇ ಉಳಿಸಿಕೊಳ್ಳುತ್ತದೆ ಎಂದು ಅದರ ಎರಡನೆಯ ವಿಧಿಯೇ ಹೇಳುತ್ತದೆ. ಮೂರನೆಯದು ಇಡೀ ಏರ್ಪಾಡನ್ನು ಸ್ನೇಹದ ಕೂಟ ಎಂದು ಕರೆಯುತ್ತದೆ. ದೂರದ ಲಂಡನ್ನಿನಿಂದ ತೆರಿಗೆ ಹೇರಿಸಿಕೊಂಡು ಬೆಂದಿದ್ದ ಜನ ತಮ್ಮದೇ ನೆಲದಲ್ಲಿ ಇನ್ನೊಂದು ಲಂಡನ್ ಕಟ್ಟಲು ಸಿದ್ಧರಿರಲಿಲ್ಲ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಆ ಹುಡುಗಿಗೆ ಹೇಳಬಹುದಾದ ನಿಜವಾದ ಘಟನೆಗಳು ಬೇಕು. ತಿಳಿದವರು ದಯವಿಟ್ಟು ಬರೆಯಿರಿ.

#2 ಖಜಾನೆಯ ಲೆಕ್ಕಿಗ

ಮೇಡಂ, ನಾನು ಜಿಲ್ಲಾ ಖಜಾನೆಯಲ್ಲಿ ದುಡಿದು ನಿವೃತ್ತನಾದವನು. ಯಾವ ಸರ್ಕಾರದ ಕಥೆ ಓದಿದರೂ ನನ್ನ ಕಣ್ಣು ಮೊದಲು ಹೋಗುವುದು ಹಣ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬ ಕಡೆಗೆ. ನಿಮ್ಮ ವಿದ್ಯಾರ್ಥಿನಿಗೆ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ.

ಕಾಂಗ್ರೆಸ್ಸಿಗೆ ತೆರಿಗೆಯ ಅಧಿಕಾರವಿರಲಿಲ್ಲ ಎಂದರೆ ಏನರ್ಥ? ನಮ್ಮ ಕಡೆ ಊರ ಜಾತ್ರೆಗೆ ಮನೆಮನೆಗೆ ವಂತಿಗೆ ಕಟ್ಟುತ್ತಾರಲ್ಲ, ಹಾಗೆ ಅದು ಪ್ರತಿ ರಾಜ್ಯಕ್ಕೂ ಇಷ್ಟು ಎಂದು ವಂತಿಗೆ ಗೊತ್ತುಮಾಡಿ ಪತ್ರ ಬರೆಯುತ್ತಿತ್ತು. ಕೊಡದ ಮನೆಯವರನ್ನು ಊರಿನವರು ಮುಖ ನೋಡಿಯಾದರೂ ಕೇಳುತ್ತಾರೆ. ಕಾಂಗ್ರೆಸ್ಸಿಗೆ ಆ ಅನುಕೂಲವೂ ಇರಲಿಲ್ಲ. 1782ರ ಖರ್ಚಿಗೆಂದು ಅದು 80 ಲಕ್ಷ ಡಾಲರ್ ಕೇಳಿತು. 1784 ಹುಟ್ಟುವ ಹೊತ್ತಿಗೂ ಆ ಬಾಬ್ತು ಬಂದದ್ದು 15 ಲಕ್ಷಕ್ಕಿಂತ ಕಡಿಮೆ. ಪಕ್ಕದ ರಾಜ್ಯ ಕೊಟ್ಟಿಲ್ಲ, ನಾನೇಕೆ ಮೊದಲು ಕೊಡಲಿ ಎಂದು ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು.

ಅದಕ್ಕೂ ಹಿಂದೆ ಯುದ್ಧ ನಡೆದದ್ದು ನೋಟು ಅಚ್ಚು ಹಾಕಿ. 1775ರಿಂದ 1779ರವರೆಗೆ ಸುಮಾರು 24 ಕೋಟಿ ಡಾಲರ್ ಮೌಲ್ಯದ ಕಾಗದದ ಹಣ ಹೊರಬಂತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಲು ತೆರಿಗೆಯೇ ಇಲ್ಲವಾದ್ದರಿಂದ ನೋಟು ಕೊಳೆಯುತ್ತಾ ಹೋಯಿತು. 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿಯ ಡಾಲರ್ ಎಂದು ಒಪ್ಪಿಕೊಂಡಿತು. ಈ ನೋಟುಗಳ ಹೆಸರು ಕಾಂಟಿನೆಂಟಲ್. ಬೆಲೆಯಿಲ್ಲದ ವಸ್ತುವಿಗೆ "ಒಂದು ಕಾಂಟಿನೆಂಟಲ್‌ನಷ್ಟೂ ಬಾಳದು" ಎನ್ನುವ ಮಾತು ಹುಟ್ಟಿದ್ದು ಆಗಲೇ.

1781ರಲ್ಲಿ ಹಣಕಾಸಿನ ಹೊಣೆ ಹೊತ್ತವನು ಫಿಲಡೆಲ್ಫಿಯಾದ ವರ್ತಕ ರಾಬರ್ಟ್ ಮಾರಿಸ್. ದೇಶದ ಹೆಸರಿನ ನೋಟಿಗೆ ಕಿಮ್ಮತ್ತಿಲ್ಲದಿದ್ದಾಗ ಅವನು ತನ್ನ ಸ್ವಂತ ಸಹಿಯ ಹುಂಡಿಗಳನ್ನು ಹೊರಡಿಸಿದ. ಜನ ಅವುಗಳನ್ನು ನಂಬಿದರು! ಒಬ್ಬ ವ್ಯಾಪಾರಿಯ ಸಹಿಗೆ ಇದ್ದ ಬೆಲೆ ಇಡೀ ರಾಷ್ಟ್ರದ ಮುದ್ರೆಗೆ ಇರಲಿಲ್ಲ ಎಂಬುದನ್ನು ನೆನೆದಾಗ ಖಜಾನೆಯಲ್ಲಿ ದುಡಿದ ನನಗೆ ಈಗಲೂ ಸಂಕಟವಾಗುತ್ತದೆ.

ಮಾರಿಸ್ ಕಾಲದಲ್ಲಿ ಆಮದಿನ ಮೇಲೆ ಕೇವಲ ಶೇಕಡಾ 5 ಸುಂಕ ಹಾಕಲು ಅನುಮತಿ ಕೇಳಿದರು. ಬಹುತೇಕ ರಾಜ್ಯಗಳು ಒಪ್ಪಿದ್ದವು. 1782ರ ನವೆಂಬರ್‌ನಲ್ಲಿ ರೋಡ್ ಐಲೆಂಡ್ ಆಗದು ಎಂದಿತು, ಕೊಟ್ಟ ಒಪ್ಪಿಗೆಯನ್ನು ವರ್ಜೀನಿಯಾ ಹಿಂತೆಗೆದುಕೊಂಡಿತು. 1783ರಲ್ಲಿ ಮತ್ತೆ ಕೇಳಿದರು. ಈ ಸಲ ಬಂದರಿನ ಸುಂಕದಲ್ಲೇ ಬೊಕ್ಕಸ ತುಂಬಿಸಿಕೊಳ್ಳುತ್ತಿದ್ದ ನ್ಯೂಯಾರ್ಕ್ 1786ರಲ್ಲಿ ತನ್ನದೇ ಷರತ್ತು ಹಾಕಿ ಅದನ್ನು ಮುಳುಗಿಸಿತು. ಮೊದಲ ಬಾರಿ ತೀರ ಚಿಕ್ಕ ರಾಜ್ಯ, ಎರಡನೆಯ ಬಾರಿ ಲಾಭದ ಬಂದರು. ಯಾರ ಕೈಯಲ್ಲಿದ್ದರೂ ಆ ಒಂದೇ ಒಂದು "ಬೇಡ" ಸಾಕಾಗಿತ್ತು.

#3 ಕಾನೂನಿನ ಹಾದಿ

ಲೆಕ್ಕಿಗರು ಹೇಳಿದ್ದಕ್ಕೆ ಮತದಾನದ ನಿಯಮ ಸೇರಿಸುತ್ತೇನೆ. ರಾಜ್ಯಕ್ಕೆ ಇಬ್ಬರಿಂದ ಏಳು ಪ್ರತಿನಿಧಿಗಳು, ಆದರೆ ಮತ ಒಂದೇ. 1790ರ ಜನಗಣತಿಯಂತೆ ವರ್ಜೀನಿಯಾದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ, ಡೆಲವೇರಿನಲ್ಲಿ ಅರವತ್ತು ಸಾವಿರದೊಳಗೆ. ಇಬ್ಬರ ಮತಕ್ಕೂ ಒಂದೇ ತೂಕ. ಯುದ್ಧ, ಒಪ್ಪಂದ, ಸಾಲ ಇಂಥ ದೊಡ್ಡ ವಿಷಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಬಂದ ಪ್ರತಿನಿಧಿಗಳಲ್ಲಿ ಸಮಸಮ ಒಡಕಾದರೆ ಆ ರಾಜ್ಯದ ಮತ ಲೆಕ್ಕಕ್ಕೇ ಇಲ್ಲ. ಆರು ವರ್ಷಗಳಲ್ಲಿ ಮೂರಕ್ಕಿಂತ ಹೆಚ್ಚು ಕಾಲ ಯಾರೂ ಸದಸ್ಯರಾಗಿರುವಂತಿಲ್ಲ. ಹಾಗಾಗಿ ಕೆಲಸ ಕಲಿತವನು ಕಲಿತ ಕೂಡಲೇ ಮನೆಗೆ.

ಆದರೂ ಒಂದು ಪ್ರಶ್ನೆ. ಎಲ್ಲವನ್ನೂ ಕರಾರಿನ ತಲೆಗೆ ಕಟ್ಟುವುದು ಸರಿಯೇ? ಯುದ್ಧಾನಂತರದ ವ್ಯಾಪಾರದ ಕುಸಿತ ಬಲವಾದ ಸರ್ಕಾರವಿದ್ದರೂ ಬರುತ್ತಿರಲಿಲ್ಲವೇ? 1783ರ ಜುಲೈನಲ್ಲಿ ಬ್ರಿಟನ್ ತನ್ನ ವೆಸ್ಟ್ ಇಂಡೀಸ್ ಬಂದರುಗಳನ್ನು ಅಮೆರಿಕದ ಹಡಗುಗಳಿಗೆ ಮುಚ್ಚಿತು. ಅದು ಕಾಂಗ್ರೆಸ್ಸಿನ ತಪ್ಪಲ್ಲ.

#4 ಜರ್ಸಿ ಕಡಲತೀರ

ಬಂದರು ಮುಚ್ಚಿದ್ದು ಬ್ರಿಟನ್ನಿನ ಕೆಲಸ, ಒಪ್ಪುತ್ತೇನೆ. ಆದರೆ ಅದಕ್ಕೆ ಪ್ರತಿಯಾಗಿ ಒಂದೇ ಧ್ವನಿಯಲ್ಲಿ ಸುಂಕ ಹಾಕಲು ಕಾಂಗ್ರೆಸ್ಸಿಗೆ ಆಗಲಿಲ್ಲವಲ್ಲ, ಅದು ಕರಾರಿನ ತಪ್ಪು. ಒಂದು ರಾಜ್ಯ ಬ್ರಿಟಿಷ್ ಸರಕಿಗೆ ಸುಂಕ ಏರಿಸಿದರೆ ಸರಕು ಪಕ್ಕದ ರಾಜ್ಯದಲ್ಲಿ ಇಳಿಯುತ್ತಿತ್ತು. ಲಂಡನ್ನಿನಲ್ಲಿ ರಾಯಭಾರಿಯಾಗಿದ್ದ ಜಾನ್ ಆಡಮ್ಸ್ ವಾಣಿಜ್ಯ ಒಪ್ಪಂದಕ್ಕಾಗಿ ಎಷ್ಟು ಅಲೆದರೂ ಕೈ ಬರಿದು.

ನಾನು ನ್ಯೂಜರ್ಸಿಯಲ್ಲಿ ನೆಲೆಸಿ ಹಲವು ವರ್ಷಗಳಾದವು. ಊರಿನಿಂದ ನೆಂಟರು ಬಂದಾಗಲೆಲ್ಲ ಸ್ಯಾಂಡಿ ಹುಕ್ ಎಂಬ ಮರಳಿನ ಚಾಚಿಗೆ ಕರೆದೊಯ್ಯುತ್ತೇನೆ. ಅಲ್ಲಿ ಎಂಟು ಮೂಲೆಯ ಬಿಳಿಯ ದೀಪಸ್ತಂಭವೊಂದಿದೆ. 1764ರಲ್ಲಿ ಕಟ್ಟಿದ್ದು, ಇಂದಿಗೂ ಉರಿಯುತ್ತಿದೆ. ಕಟ್ಟಿದಾಗ ನೀರಿನ ಅಂಚಿನ ಹತ್ತಿರವಿತ್ತು. ವರ್ಷವರ್ಷವೂ ಮರಳು ಬಂದು ಸೇರಿ ಈಗ ಮರಳಿನ ತುದಿ ಬಹಳ ದೂರ ಸರಿದಿದೆ. ನಿಂತಿರುವ ನೆಲ ನ್ಯೂಜರ್ಸಿಯದು, ಹಣ ಹೊಂದಿಸಿ ಕಟ್ಟಿಸಿದವರು ನ್ಯೂಯಾರ್ಕಿನ ವರ್ತಕರು, ಬೆಳಕು ಬೇಕಾದದ್ದು ನ್ಯೂಯಾರ್ಕಿಗೆ ಹೋಗುವ ಹಡಗುಗಳಿಗೆ.

1787ರಲ್ಲಿ ನ್ಯೂಯಾರ್ಕ್ ನೆರೆಯ ನ್ಯೂಜರ್ಸಿ ಮತ್ತು ಕನೆಕ್ಟಿಕಟ್‌ನಿಂದ ಬರುವ ದೋಣಿಗಳನ್ನು ವಿದೇಶಿ ಹಡಗುಗಳಂತೆ ಕಂಡು ಶುಲ್ಕ ವಿಧಿಸಿತು. ಸೌದೆ, ಕೋಸು, ಮೊಟ್ಟೆ ಹೊತ್ತು ನದಿ ದಾಟಿ ಸಂತೆಗೆ ಹೋಗುತ್ತಿದ್ದ ದೋಣಿಗಳು ಅವು. ಸಿಟ್ಟಿಗೆದ್ದ ನ್ಯೂಜರ್ಸಿ ಈ ದೀಪಸ್ತಂಭಕ್ಕೆ ತಿಂಗಳಿಗೆ 30 ಪೌಂಡ್ ತೆರಿಗೆ ಹಾಕಿತು. ದೀಪಕ್ಕೂ ತೆರಿಗೆ! ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕ್ ನಡುವೆ ಸಿಕ್ಕ ನ್ಯೂಜರ್ಸಿಯನ್ನು ಎರಡೂ ತುದಿಯಲ್ಲಿ ತೂತು ಕೊರೆದ ಪೀಪಾಯಿಗೆ ಹೋಲಿಸುತ್ತಿದ್ದರೆಂದು, ಮುಂದೆ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಜೇಮ್ಸ್ ಮ್ಯಾಡಿಸನ್ ಬರೆದಿದ್ದಾನೆ.

ಇದೇ ನ್ಯೂಜರ್ಸಿ 1786ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್ ಆಮದು ಸುಂಕವನ್ನು ಒಪ್ಪುವವರೆಗೆ ನಾವು ವಂತಿಗೆ ಕೊಡುವುದಿಲ್ಲ ಎಂದು ನಿರ್ಣಯ ಮಾಡಿತು. ಕಾಂಗ್ರೆಸ್ ತನ್ನ ಸದಸ್ಯರನ್ನೇ ಟ್ರೆಂಟನ್ನಿಗೆ ಕಳುಹಿಸಿ ಬೇಡಿಕೊಂಡಿತು. ನ್ಯೂಜರ್ಸಿ ನಿರ್ಣಯವನ್ನು ಹಿಂತೆಗೆದುಕೊಂಡಿತು, ಹಣವನ್ನು ಮಾತ್ರ ಕೊಡಲಿಲ್ಲ. ನನಗೆ ಆ ಇಡೀ ಕಾಲವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಈ ದೀಪಸ್ತಂಭವೇ. ಅದರ ಬುಡದಲ್ಲಿ ನಿಂತಾಗಲೆಲ್ಲ ಹೇಳುತ್ತೇನೆ, ನೆಂಟರು ಬೇಸರವಿಲ್ಲದೆ ಕೇಳುತ್ತಾರೆ.

#5 ತುಂಗಾತೀರ

ದೀಪಸ್ತಂಭದ ಕಥೆ ನೇರವಾಗಿ ತರಗತಿಗೆ ಹೋಗುತ್ತದೆ. ತುಂಬಾ ಧನ್ಯವಾದ. ಹಣವಿಲ್ಲದಾಗ ಸೈನಿಕರ ಗತಿ ಏನಾಯಿತು ಎಂಬುದನ್ನು ಯಾರಾದರೂ ವಿವರವಾಗಿ ಬರೆಯಬಹುದೇ? ಲೆಕ್ಕಿಗರೇ, ನೀವು?

#6 ಖಜಾನೆಯ ಲೆಕ್ಕಿಗ

ಬರೆಯುತ್ತೇನೆ ಮೇಡಂ. ಸಂಬಳದ ಬಟವಾಡೆ ಎರಡು ದಿನ ತಡವಾದರೆ ಕಚೇರಿಯಲ್ಲಿ ಹೇಗಿರುತ್ತದೆಂದು ಬಲ್ಲೆ. ಅಲ್ಲಿ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರಲಿಲ್ಲ.

1783ರ ಮಾರ್ಚ್. ಹಡ್ಸನ್ ನದಿಯ ದಂಡೆಯ ನ್ಯೂಬರ್ಗ್ ಶಿಬಿರ. ಯುದ್ಧ ಮುಗಿಯುತ್ತಾ ಬಂದಿದೆ. ಸೈನ್ಯ ಚದುರಿದ ಮೇಲೆ ನಮ್ಮನ್ನು ಕೇಳುವವರಿಲ್ಲ ಎಂದು ಅಧಿಕಾರಿಗಳಿಗೆ ಗೊತ್ತಿದೆ. ಬಾಕಿ ಬರುವವರೆಗೆ ಶಸ್ತ್ರ ಕೆಳಗಿಡಬಾರದು ಎಂಬ ಹೆಸರಿಲ್ಲದ ಪತ್ರವೊಂದು ಕೈಯಿಂದ ಕೈಗೆ ಹೋಯಿತು. 15ರಂದು ಸೇರಿದ ಸಭೆಗೆ ವಾಷಿಂಗ್ಟನ್ ತಾನಾಗಿ ಬಂದ. ಬರೆದು ತಂದಿದ್ದ ಭಾಷಣ ಓದಿದ. ಯಾರ ಮುಖವೂ ಸಡಿಲಲಿಲ್ಲ. ಕಾಂಗ್ರೆಸ್ ಸದಸ್ಯನೊಬ್ಬನ ಪತ್ರವನ್ನು ಜೇಬಿನಿಂದ ತೆಗೆದು ಓದಲು ಹೊರಟು ತಡವರಿಸಿದ. ನಿಂತು, ಕನ್ನಡಕ ತೆಗೆದು ಹಾಕಿಕೊಂಡ. ಅವನು ಕನ್ನಡಕ ಹಾಕುವುದನ್ನು ಅವರಲ್ಲಿ ಹೆಚ್ಚಿನವರು ಕಂಡಿರಲೇ ಇಲ್ಲ. ದೇಶದ ಸೇವೆಯಲ್ಲಿ ತಲೆ ನರೆಯಿತು, ಈಗ ಕಣ್ಣೂ ಮಂಜಾಗುತ್ತಿದೆ, ಕ್ಷಮಿಸಿ ಎಂಬರ್ಥದ ಒಂದು ಮಾತು ಹೇಳಿದ. ಯುದ್ಧ ಕಂಡ ಗಂಡಸರು ಅತ್ತುಬಿಟ್ಟರು. ಬಂಡಾಯದ ಮಾತು ಅಲ್ಲಿಗೆ ನಿಂತಿತು.

ಆದರೆ ಹಣ ಬರಲಿಲ್ಲ. ಅದನ್ನು ತರಗತಿಯಲ್ಲಿ ಮರೆಯದೆ ಹೇಳಿ. ಜೂನ್ 21ರಂದು ಫಿಲಡೆಲ್ಫಿಯಾದಲ್ಲಿ ಸುಮಾರು 400 ಸೈನಿಕರು ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನೇ ಸುತ್ತುವರಿದರು. ಕಾಂಗ್ರೆಸ್ಸಿಗೆ ತನ್ನ ಬಾಗಿಲು ಕಾಯಲೂ ಸ್ವಂತ ಪಡೆ ಇರಲಿಲ್ಲ. ನಿಮ್ಮ ನಾಗರಿಕ ಪಡೆ ಕಳುಹಿಸಿ ಎಂದು ಪೆನ್ಸಿಲ್ವೇನಿಯಾ ಸರ್ಕಾರವನ್ನು ಕೇಳಿದರು. ಅದರ ಮುಖ್ಯಸ್ಥ ಜಾನ್ ಡಿಕಿನ್ಸನ್ ಒಪ್ಪಲಿಲ್ಲ. ಈ ಒಕ್ಕೂಟದ ಕರಾರಿನ ಮೊದಲ ಕರಡನ್ನು 1776ರಲ್ಲಿ ಬರೆದವನು ಇದೇ ಡಿಕಿನ್ಸನ್. ಕಾಂಗ್ರೆಸ್ ಗಂಟುಮೂಟೆ ಕಟ್ಟಿಕೊಂಡು ಪ್ರಿನ್ಸ್‌ಟನ್ನಿಗೆ ಹೋಯಿತು. ಅಲ್ಲಿಂದ ಅನಾಪೊಲಿಸ್, ಅಲ್ಲಿಂದ ಟ್ರೆಂಟನ್, ಕೊನೆಗೆ 1785ರಲ್ಲಿ ನ್ಯೂಯಾರ್ಕ್.

ಇದರ ನಡುವೆ 1784ರ ಜೂನ್‌ನಲ್ಲಿ ಸೈನ್ಯವನ್ನು 80 ಜನರಿಗೆ ಇಳಿಸಿದರು. ವೆಸ್ಟ್ ಪಾಯಿಂಟ್‌ನಲ್ಲಿ 55, ಫೋರ್ಟ್ ಪಿಟ್‌ನಲ್ಲಿ 25. ಮದ್ದುಗುಂಡು ಕಾಯಲು.

#7 ಹೊಲದ ಬದು

ಕಣ್ಣೀರಿಟ್ಟ ಅಧಿಕಾರಿಗಳ ಕಥೆ ಎಲ್ಲರೂ ಹೇಳುತ್ತಾರೆ. ರೈತನಾಗಿ ನಾನು ಊರಿಗೆ ಮರಳಿದ ಸಾಮಾನ್ಯ ಸೈನಿಕನ ಕಥೆ ಹೇಳಬೇಕು.

ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗ. ಬಾಕಿ ಸಂಬಳಕ್ಕೆ ಸಿಕ್ಕ ಕಾಗದದ ಪತ್ರಗಳನ್ನು ಹೊಟ್ಟೆಪಾಡಿಗಾಗಿ ಸಿಕ್ಕ ಬೆಲೆಗೆ ಮಾರಿಕೊಂಡಿದ್ದಾರೆ. ಅವುಗಳನ್ನು ಕೊಂಡವರು ಪಟ್ಟಣದ ಸಿರಿವಂತರು. ಆ ಪತ್ರಗಳ ಬಡ್ಡಿ ತೀರಿಸಲು ರಾಜ್ಯ ಸರ್ಕಾರ ಭಾರೀ ತೆರಿಗೆ ಹಾಕಿತು, ಅದೂ ಬೆಳ್ಳಿ ಬಂಗಾರದ ನಾಣ್ಯದಲ್ಲೇ ಕೊಡಬೇಕು. ಅಂದರೆ ತನ್ನದೇ ಸಂಬಳದ ಪತ್ರವನ್ನು ಕಡಿಮೆ ಬೆಲೆಗೆ ಮಾರಿದವನು, ಅದನ್ನು ಕೊಂಡವನಿಗೆ ಬಡ್ಡಿ ಕೊಡಲು ತೆರಿಗೆ ಕಟ್ಟಬೇಕು. ನಾಣ್ಯ ಎಲ್ಲಿಂದ ತರುವುದು? ಜಾನುವಾರು ಜಪ್ತಿ, ಜಮೀನು ಹರಾಜು, ಸಾಲಕ್ಕಾಗಿ ಜೈಲು. ಅವರು ಅರ್ಜಿ ಬರೆದರು, ಸಭೆ ಸೇರಿ ಮತ್ತೆ ಅರ್ಜಿ ಬರೆದರು. ರಾಜಧಾನಿ ಬಾಸ್ಟನ್ ಕಿವಿಗೊಡಲಿಲ್ಲ. 1786ರ ಆಗಸ್ಟ್ 29ರಂದು ನಾರ್ತಾಂಪ್ಟನ್‌ನ ನ್ಯಾಯಾಲಯದ ಬಾಗಿಲಿಗೆ ಅಡ್ಡ ನಿಂತು ಕಲಾಪ ನಡೆಯದಂತೆ ಮಾಡಿದರು. ಕೋರ್ಟು ನಡೆಯದಿದ್ದರೆ ಹರಾಜಿಲ್ಲ, ಅಷ್ಟೇ ಅವರ ಲೆಕ್ಕ.

ಅವರ ನಾಯಕರಲ್ಲಿ ಒಬ್ಬ ಡೇನಿಯಲ್ ಶೇಸ್, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. ಫ್ರೆಂಚ್ ಸೇನಾನಿ ಲಫಾಯೆಟ್ ಮೆಚ್ಚಿ ಕೊಟ್ಟಿದ್ದ ಕತ್ತಿಯನ್ನೂ ಬಡತನದಿಂದ ಮಾರಿಕೊಂಡಿದ್ದ.

ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರ ಕಾಂಗ್ರೆಸ್ಸಿನದು. ಅದನ್ನು ಕಾಪಾಡಲು ಅದರ ಬಳಿ ಸೈನ್ಯವಿಲ್ಲ, ಸೈನ್ಯ ಕಟ್ಟಲು ಹಣವಿಲ್ಲ. ಇಂಡಿಯನ್ ಬುಡಕಟ್ಟುಗಳ ಮೇಲಿನ ಯುದ್ಧಕ್ಕೆಂದು ನೆಪ ಹೇಳಿ 5,30,000 ಡಾಲರ್ ಕೇಳಿತು. ವರ್ಜೀನಿಯಾ ಬಿಟ್ಟು ಯಾರೂ ಕೊಡಲಿಲ್ಲ. ಕೊನೆಗೆ ಬಾಸ್ಟನ್ನಿನ ವರ್ತಕರು ತಮ್ಮಲ್ಲೇ ಚಂದಾ ಎತ್ತಿ ದಂಡು ಕಟ್ಟಿದರು. ಅದು ತಲುಪುವ ಮೊದಲೇ, 1787ರ ಜನವರಿ 25ರಂದು, ಹಿಮದಲ್ಲಿ ನಡೆದು ಬಂದ ರೈತರ ಮೇಲೆ ಶಸ್ತ್ರಾಗಾರ ಕಾಯುತ್ತಿದ್ದ ನಾಗರಿಕ ಪಡೆ ಫಿರಂಗಿ ಹಾರಿಸಿತು. ನಾಲ್ವರು ಸತ್ತರು. ಹಾರಿಸಿದವರಲ್ಲೂ ಎದುರಿಗಿದ್ದವರಲ್ಲೂ ಸ್ವಾತಂತ್ರ್ಯಕ್ಕಾಗಿ ಒಂದೇ ಸೈನ್ಯದಲ್ಲಿ ಇದ್ದವರಿದ್ದರು.

ಶೇಸ್‌ನ ಬಂಡಾಯವನ್ನು ನೋಟ್ಸ್‌ನಲ್ಲಿ ಅರಾಜಕತೆ ಎಂದು ಬರೆದಿರುತ್ತಾರೆ. ನನಗೆ ಆ ಪದ ಒಪ್ಪಿಗೆಯಿಲ್ಲ. ಮೇಡಂ, ಅದನ್ನು ಹಾಗೆ ಕಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

#8 ಕಾನೂನಿನ ಹಾದಿ

ಹೊಲದ ಬದು ಅವರೇ, ನಿಮ್ಮ ಮಾತು ಓದಿ ನನ್ನ ಪಾಠದ ಟಿಪ್ಪಣಿಯನ್ನೇ ತಿದ್ದಿಕೊಂಡೆ. ಅಲ್ಲಿ ತೆರಿಗೆ ಹಿಂಡಿದ್ದು ರಾಜ್ಯ ಸರ್ಕಾರ. ಕೇಂದ್ರದ ದೌರ್ಬಲ್ಯ ರೈತನ ಮನೆ ಬಾಗಿಲಿಗೆ ಬಂದದ್ದು ರಾಜ್ಯದ ಕೈಯಿಂದ.

ಆದರೂ ಆ ಕಾಂಗ್ರೆಸ್ಸಿನ ಪರವಾಗಿ ಎರಡು ಮಾತು ಹೇಳಲೇಬೇಕು. ಪಶ್ಚಿಮದ ನೆಲವನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಅಳೆದು, ತಲಾ 640 ಎಕರೆಯ 36 ಭಾಗ ಮಾಡಿ, ಹದಿನಾರನೆಯ ಭಾಗವನ್ನು ಶಾಲೆಗೆ ಮೀಸಲಿಟ್ಟದ್ದು 1785ರಲ್ಲಿ ಅದೇ. 1787ರ ಜುಲೈ 13ರ ವಾಯವ್ಯ ಪ್ರದೇಶದ ಶಾಸನ ಓಹಾಯೊ ನದಿಯ ಆಚೆಗೆ ಗುಲಾಮಗಿರಿ ನಿಷೇಧಿಸಿತು, ಹೊಸ ರಾಜ್ಯಗಳು ಹಳೆಯವುಗಳ ಸರಿಸಮವಾಗಿ ಸೇರಬಹುದು ಎಂದಿತು. ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳ ನೆಲ ಅದು ಎಂಬುದನ್ನು ಮರೆಯುವಂತಿಲ್ಲ. ಆದರೆ ರಾಜ್ಯಗಳನ್ನು ಕೇಳಿ ಕಾಯಬೇಕಾಗಿಲ್ಲದ ಜಾಗದಲ್ಲಿ, ಆ ಕಾಂಗ್ರೆಸ್ ಕೆಲಸ ಮಾಡಿ ತೋರಿಸಿತು.

ಇನ್ನೊಂದು ಕಹಿ ಸಂಗತಿ. ಗುಲಾಮರನ್ನು ಐದರಲ್ಲಿ ಮೂರು ಎಂದು ಎಣಿಸಿದ ಲೆಕ್ಕ ಹುಟ್ಟಿದ್ದು 1787ರಲ್ಲಿ ಅಲ್ಲ. ಕರಾರಿನಂತೆ ವಂತಿಗೆ ಹಂಚಬೇಕಾದದ್ದು ಜಮೀನಿನ ಬೆಲೆಯ ಮೇಲೆ, ಆ ಬೆಲೆ ಕಟ್ಟುವವರೇ ಇರಲಿಲ್ಲ. 1783ರಲ್ಲಿ ಜನಸಂಖ್ಯೆಯ ಮೇಲೆ ಹಂಚೋಣ ಎಂದಾಗ ದಕ್ಷಿಣ ಉತ್ತರಗಳ ಚೌಕಾಸಿಯಲ್ಲಿ ಮೂಡಿದ ಸಂಖ್ಯೆ ಅದು. ಆ ತಿದ್ದುಪಡಿ ಎಲ್ಲರ ಒಪ್ಪಿಗೆ ಸಿಗದೆ ಬಿದ್ದುಹೋಯಿತು. ಸಂಖ್ಯೆ ಮಾತ್ರ ಉಳಿದು ಸಂವಿಧಾನದೊಳಕ್ಕೆ ಬಂತು.

#9 ಜರ್ಸಿ ಕಡಲತೀರ

ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿಷಯ ಇಲ್ಲಿ ಹೇಳಲೇಬೇಕು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಪರದ ಹಡಗುಗಳು ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳನ್ನು ಹಿಡಿಯುತ್ತಿದ್ದವು. ಕಾಂಗ್ರೆಸ್ಸಿನ ನೌಕಾಪಡೆ ಆ ಹೊತ್ತಿಗೆ ಬಹುಮಟ್ಟಿಗೆ ಹೆಸರಿಗಷ್ಟೇ ಉಳಿದಿತ್ತು. ಹಾಗಾಗಿ ನಗರದ ವರ್ತಕರೂ ಪೆನ್ಸಿಲ್ವೇನಿಯಾ ರಾಜ್ಯವೂ ಸೇರಿ ಒಂದು ವ್ಯಾಪಾರಿ ಹಡಗಿಗೆ ತೋಪುಗಳನ್ನು ಕೂರಿಸಿದರು. ಅದರ ಹೆಸರು "ಹೈದರ್ ಅಲಿ". ನಮ್ಮ ಮೈಸೂರಿನ ಹೈದರನೇ. ಆಗ ಅವನು ಇಂಗ್ಲಿಷರೊಡನೆ ಎರಡನೆಯ ಯುದ್ಧದಲ್ಲಿದ್ದ, ಶತ್ರುವಿನ ಶತ್ರು. ಏಪ್ರಿಲ್ 8ರಂದು ಜೋಶುವಾ ಬಾರ್ನಿ ಎಂಬ 22ರ ಹರೆಯದ ನಾಯಕ ಈ ಹಡಗಿನಿಂದ ತನಗಿಂತ ಬಲವಾದ "ಜನರಲ್ ಮಾಂಕ್" ಹಡಗನ್ನು ಅರ್ಧ ಗಂಟೆಯ ಕಾದಾಟದಲ್ಲಿ ಸೆರೆಹಿಡಿದ. ಗೆಲುವು ದೊಡ್ಡದು. ಆದರೆ ರಾಷ್ಟ್ರದ ಕಡಲನ್ನು ಒಂದು ರಾಜ್ಯ ಕಾಯಬೇಕಾಯಿತು.

1785ರಲ್ಲಿ ಕೊನೆಯ ಯುದ್ಧನೌಕೆ "ಅಲಯನ್ಸ್" ಅನ್ನೂ ಮಾರಿಬಿಟ್ಟರು. ಅದೇ ವರ್ಷ ಆಲ್ಜೀರ್ಸ್‌ನವರು ಎರಡು ಅಮೆರಿಕನ್ ಹಡಗು ಹಿಡಿದು 21 ನಾವಿಕರನ್ನು ಸೆರೆಯಲ್ಲಿಟ್ಟರು. ಬಿಡಿಸಿಕೊಳ್ಳಲು ಹಣವಿಲ್ಲ, ಬೆದರಿಸಲು ಹಡಗಿಲ್ಲ. ಬದುಕುಳಿದವರಲ್ಲಿ ಹೆಚ್ಚಿನವರು ಮನೆಯ ದಾರಿ ಹಿಡಿದದ್ದು 1796ರಲ್ಲಿ.

#10 ತುಂಗಾತೀರ

ಹೈದರನ ಹೆಸರಿನ ಹಡಗು! ಇಷ್ಟು ವರ್ಷ ಪಾಠ ಮಾಡಿಯೂ ಇದು ನನಗೆ ಹೊಸದು.

ಇವೆಲ್ಲವನ್ನೂ ಓದುತ್ತಾ ನನಗೆ ಹೊಳೆದದ್ದು ಹೇಳುತ್ತೇನೆ. ಆ ಕಾಂಗ್ರೆಸ್ಸಿಗೆ ಯುದ್ಧ ಸಾರುವ, ಒಪ್ಪಂದ ಮಾಡುವ, ಸಾಲ ಎತ್ತುವ ಹಕ್ಕೆಲ್ಲ ಇತ್ತು. ಇಲ್ಲದಿದ್ದದ್ದು ಒಬ್ಬ ಪ್ರಜೆಯ ಮನೆ ಬಾಗಿಲಿಗೆ ನೇರವಾಗಿ ಹೋಗುವ ದಾರಿ. ಪ್ರತಿಯೊಂದಕ್ಕೂ ಮಧ್ಯೆ ರಾಜ್ಯ ನಿಂತಿತ್ತು. ಯುದ್ಧವನ್ನು ಮುಗಿಸಿದ ಪ್ಯಾರಿಸ್ ಒಪ್ಪಂದವನ್ನೇ ನೋಡಿ. ಸಾಲ ಕೊಟ್ಟಿದ್ದ ಬ್ರಿಟಿಷರ ಬಾಕಿ ವಸೂಲಿಗೆ ಅಡ್ಡಿ ಮಾಡುವುದಿಲ್ಲ ಎಂದು ಕಾಂಗ್ರೆಸ್ ಮಾತು ಕೊಟ್ಟಿತು, ರಾಜ್ಯಗಳು ಅಡ್ಡಿ ಮಾಡಿದವು. ಅದನ್ನೇ ಕಾರಣವಾಗಿ ತೋರಿಸಿ ಬ್ರಿಟನ್ ಡೆಟ್ರಾಯಿಟ್, ನಯಾಗರ ಮುಂತಾದ ಕೋಟೆಗಳನ್ನು 1796ರವರೆಗೆ ಬಿಡಲಿಲ್ಲ.

ಆ ಒಪ್ಪಂದವನ್ನು ಅನುಮೋದಿಸಿದ ರೀತಿಯೂ ಅಷ್ಟೇ. 1783ರ ಸೆಪ್ಟೆಂಬರ್ 3ರಂದು ಸಹಿಯಾಗಿತ್ತು, ಆರು ತಿಂಗಳೊಳಗೆ ಅನುಮೋದನೆಯ ಪತ್ರ ಪ್ಯಾರಿಸ್ ತಲುಪಬೇಕು. ಡಿಸೆಂಬರ್ ಬಂದರೂ ಅನಾಪೊಲಿಸ್‌ನಲ್ಲಿ ಒಂಬತ್ತು ರಾಜ್ಯಗಳು ಸೇರಲಿಲ್ಲ. 23ರಂದು ವಾಷಿಂಗ್ಟನ್ ಸೇನಾಧಿಪತ್ಯವನ್ನು ಒಪ್ಪಿಸಿದಾಗಲೂ ಎದುರಿಗಿದ್ದದ್ದು ಏಳೇ ರಾಜ್ಯಗಳು. ದಕ್ಷಿಣ ಕೆರೊಲಿನಾದ ಪ್ರತಿನಿಧಿ ರಿಚರ್ಡ್ ಬೆರೆಸ್‌ಫರ್ಡ್ ಕಾಯಿಲೆಯಿಂದ ಫಿಲಡೆಲ್ಫಿಯಾದಲ್ಲಿ ಮಲಗಿದ್ದ. ಅವನು ಎದ್ದು ಬಂದ ಮೇಲೆ ಜನವರಿ 14ರಂದು ಒಂಬತ್ತರ ಲೆಕ್ಕ ಭರ್ತಿಯಾಯಿತು. ಪತ್ರ ಗಡುವು ದಾಟಿಯೇ ತಲುಪಿತು. ಬ್ರಿಟನ್ ಆಕ್ಷೇಪಿಸಲಿಲ್ಲ, ಅಷ್ಟೇ ಪುಣ್ಯ.

ಹೊಲದ ಬದು ಅವರೇ, ಅರಾಜಕತೆ ಎಂಬ ಪದವನ್ನು ಇನ್ನು ಬಳಸುವುದಿಲ್ಲ.

#11 ಹೊಲದ ಬದು

ಸಂತೋಷ ಮೇಡಂ. ಒಂದು ಅನುಮಾನ ಉಳಿಯಿತು. ತಿದ್ದುಪಡಿಗೆ ಹದಿಮೂರೂ ರಾಜ್ಯ ಒಪ್ಪಬೇಕು ಎಂದಮೇಲೆ ಹೊಸ ಸಂವಿಧಾನಕ್ಕೆ ರೋಡ್ ಐಲೆಂಡ್ ಹೇಗೆ ಒಪ್ಪಿತು?

#12 ಕಾನೂನಿನ ಹಾದಿ

ಒಪ್ಪುವವರೆಗೆ ಕಾಯಲಿಲ್ಲ. 1786ರ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್‌ನಲ್ಲಿ ವ್ಯಾಪಾರದ ಬಗ್ಗೆ ಸಭೆ ಕರೆದಾಗ ಬಂದದ್ದು ಐದೇ ರಾಜ್ಯಗಳ 12 ಜನ. ಅವರು ಮುಂದಿನ ಮೇ ತಿಂಗಳಿಗೆ ಫಿಲಡೆಲ್ಫಿಯಾದಲ್ಲಿ ದೊಡ್ಡ ಸಭೆ ಸೇರಲು ಕರೆ ಕೊಟ್ಟರು. ಅದಕ್ಕೆ ರೋಡ್ ಐಲೆಂಡ್ ಪ್ರತಿನಿಧಿಗಳನ್ನೇ ಕಳುಹಿಸಲಿಲ್ಲ. ಸಭೆಗೆ ಇದ್ದ ಅಪ್ಪಣೆ ಕರಾರನ್ನು ತಿದ್ದಲು ಮಾತ್ರ. ಅವರು ಹೊಸದನ್ನೇ ಬರೆದು, ಒಂಬತ್ತು ರಾಜ್ಯ ಒಪ್ಪಿದರೆ ಆ ಒಂಬತ್ತರ ಮಟ್ಟಿಗೆ ಜಾರಿ ಎಂದು ಅದರಲ್ಲೇ ಸೇರಿಸಿದರು. ಹಳೆಯ ಕರಾರಿನ ಹದಿಮೂರನೆಯ ವಿಧಿಯ ಪ್ರಕಾರ ಇದಕ್ಕೆ ಆಧಾರವಿಲ್ಲ. ಕಾನೂನು ಓದುವವನಾಗಿ ಇದನ್ನು ಮುಚ್ಚಿಡಲಾರೆ. ಒಂಬತ್ತನೆಯದಾಗಿ ನ್ಯೂಹ್ಯಾಂಪ್‌ಶೈರ್ 1788ರ ಜೂನ್ 21ರಂದು ಒಪ್ಪಿತು.

ರೋಡ್ ಐಲೆಂಡ್ ಎರಡು ವರ್ಷ ಹೊರಗೇ ಉಳಿಯಿತು. 1790ರ ಮೇನಲ್ಲಿ ಅದರೊಡನೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆ ಸೆನೆಟ್‌ನಲ್ಲಿ ಅಂಗೀಕಾರವಾಯಿತು. ಅದೇ ತಿಂಗಳ 29ರಂದು ರೋಡ್ ಐಲೆಂಡ್ ಮತಕ್ಕೆ ಹಾಕಿತು. ಪರ 34, ವಿರೋಧ 32.